ಎಂಟು ಜಿಬಿಯ ಜಗಳ, ಎರೆನಾಡಿನ ಲೆಕ್ಕ

ಮೂವತ್ತು ಸಾವಿರ ರೂಪಾಯಿ ಕೂಡಿಸಿಕೊಂಡ ಹುಡುಗ ಯಾವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಕು? ಈ ಪ್ರಶ್ನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಉತ್ತರ ಇದೆ, ಹುನಗುಂದದಲ್ಲಿ ಇನ್ನೊಂದು. ಎಸ್.ಪಿ. ರೋಡಿನ ಅಂಗಡಿಯವನಿಗೆ ಗಿರಾಕಿಯ ಮನೆಯ ಚಾವಣಿ ಪತ್ರಾಸಿನದೋ ಆರ್‌ಸಿಸಿಯದೋ, ಕರೆಂಟ್ ಬಿಲ್ಲು ಎಷ್ಟು ಬರುತ್ತದೆ, ಕ್ಯಾಬಿನೆಟ್ಟಿನೊಳಗೆ ಕರೆಂಟು ಹಂಚುವ ಯಾವ ಕಾಲದ ಎಸ್ಎಂಪಿಎಸ್ ಕೂತಿದೆ ಎಂಬುದನ್ನು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ಹುನಗುಂದದವನಿಗೆ ಆಗಬೇಕಾದ್ದು ಅದೇ.

ನನ್ನ ಅಕ್ಕನ ಮಗ ಮತ್ತವನ ಗೆಳೆಯರ ನಡುವೆ ಈ ವಿಷಯಕ್ಕೆ ಜಗಳ ಹತ್ತಿದರೆ ಊಟದ ಹೊತ್ತು ಮೀರುತ್ತದೆ. ‘ಎನ್‌ವಿಡಿಯಾನ ಬೇಕು ಮಾಮಾ, ಡಿಎಲ್‌ಎಸ್‌ಎಸ್ ಇರೂದ ಅದ್ರಾಗ’ ಎಂದು ಒಬ್ಬ. ‘ಎಂಟ್ ಜಿಬಿ ಕಟ್ಕೊಂಡ್ ಏನ್ ಮಾಡ್ತಿ? ಇಂಟೆಲ್‌ನವ್ರು ಹನ್ನೆರ್ಡ್ ಜಿಬಿ ಕೊಡಾಕತ್ಯಾರ’ ಎಂದು ಮತ್ತೊಬ್ಬ. ಎಎಂಡಿ ಪಕ್ಷದವನು ಇಬ್ಬರನ್ನೂ ನೋಡಿ ನಗುತ್ತಾನೆ. ಮೂವರ ಮಾತಿನಲ್ಲೂ ಹುರುಳಿದೆ. ಆದರೆ ಮೂವರೂ ಹೇಳುತ್ತಿರುವುದು ಬೇರೆ ಯಾರದೋ ಕಂಪ್ಯೂಟರಿನಲ್ಲಿ ಅಳೆದ ಲೆಕ್ಕ.

ಇಳಕಲ್ಲಿನ ಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರು ಬಣ್ಣ ನೋಡಿ ದುಡ್ಡು ಬಿಚ್ಚುವವರಲ್ಲ. ಮೈ ಹತ್ತಿಯದೋ ಚಮಕಾದ್ದೋ ರೇಷ್ಮೆಯದೋ, ದಡಿ ಎಂಥದು, ಸೆರಗು ತೋಪ ತೆನಿಯದೋ ಎಂದು ಬಿಡಿಬಿಡಿಯಾಗಿ ಕೇಳಿ, ಬೆರಳಲ್ಲಿ ತಿಕ್ಕಿ ನೋಡಿ ಬೆಲೆ ಕಟ್ಟುತ್ತಾರೆ. ಅದೇ ಮನೆಯ ಹುಡುಗ ಕಾರ್ಡ್ ಕೊಳ್ಳುವಾಗ ಮಾತ್ರ ಡಬ್ಬದ ಮೇಲಿನ ಒಂದು ಅಂಕಿ ನೋಡಿ ಮರುಳಾಗುತ್ತಾನೆ. ಸಣ್ಣ ಊರುಗಳಲ್ಲಿ ‘ನಾಲ್ಕು ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂಬ ಒಂದೇ ಮಾತಿನ ಮೇಲೆ 2014ರ ಜಿಟಿ 730 ಇಂದಿಗೂ ಮಾರಾಟವಾಗುತ್ತದೆ. ಚಿಪ್ಪಿಗೆ ಓಡುವ ಶಕ್ತಿಯೇ ಇಲ್ಲದ ಮೇಲೆ ನಾಲ್ಕು ಜಿಬಿ ಇಟ್ಟುಕೊಂಡು ಅದು ಮಾಡುವುದಾದರೂ ಏನು?

ಹಾಗಾದರೆ ಕೇಳಬೇಕಾದ್ದೇನು? ಮೊದಲು ಕೆಲಸ ಎಂಥದೆಂದು ನೋಡೋಣ. ಮಾಮೂಲಿ ಮಾನಿಟರಿನಲ್ಲಿ ಅಡ್ಡ 1920, ಉದ್ದ 1080 ಚುಕ್ಕಿಗಳು, ಒಟ್ಟು 20,73,600. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಹನ್ನೆರಡು ಕೋಟಿಗೂ ಹೆಚ್ಚು ಸಲ ಒಂದೊಂದು ಚುಕ್ಕಿಯ ಬಣ್ಣ ನಿರ್ಧಾರವಾಗಬೇಕು. ಒಂದೊಂದೂ ಸಣ್ಣ ಲೆಕ್ಕವೇ, ಆದರೆ ಎಲ್ಲವೂ ಒಟ್ಟಿಗೇ ಆಗಬೇಕು. ಪ್ರೊಸೆಸರಿನಲ್ಲಿ ಕೆಲವೇ ಜಾಣ ಕೋರ್‌ಗಳಿದ್ದರೆ, ಗ್ರಾಫಿಕ್ಸ್ ಚಿಪ್ಪಿನಲ್ಲಿ ಸಾವಿರಾರು ಸರಳ ಕೋರ್‌ಗಳು. 1999ರಲ್ಲಿ ಜಿಫೋರ್ಸ್ 256 ಬಿಟ್ಟ ಎನ್‌ವಿಡಿಯಾ ಅದನ್ನು ಜಗತ್ತಿನ ಮೊದಲ ಜಿಪಿಯು ಎಂದು ಕರೆದುಕೊಂಡಿತು. ಎದುರಾಳಿ ಎಟಿಐ ಕಂಪನಿಯನ್ನು ಎಎಂಡಿ 2006ರಲ್ಲಿ ಕೊಂಡಿತು. ರೇಡಿಯಾನ್ ಹೆಸರು ಅಲ್ಲಿಂದ ಬಂದದ್ದು. ಇಂಟೆಲ್ ಈ ಕಣಕ್ಕೆ ಗಟ್ಟಿಯಾಗಿ ಇಳಿದದ್ದು 2022ರಲ್ಲಿ, ಆರ್ಕ್ ಕಾರ್ಡುಗಳೊಂದಿಗೆ.

ಅಂದಹಾಗೆ, ಈ ಮೂವರಿಗೂ ನಮ್ಮ ರಾಜ್ಯದಲ್ಲೇ ನೆಲೆಯಿದೆ. ಎನ್‌ವಿಡಿಯಾ 2004ರಲ್ಲೇ ಬೆಂಗಳೂರಿಗೆ ಬಂತು. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಅಲ್ಲಿ ತೆರೆಯಿತು. ಇಂಟೆಲ್‌ನ ಬೆಂಗಳೂರು ತಂಡ 2019ರಲ್ಲಿ ಒಂದು ಭಾರಿ ಗ್ರಾಫಿಕ್ಸ್ ಚಿಪ್ಪಿನ ಕೆಲಸದಲ್ಲಿತ್ತು. ಭಾರತದಲ್ಲಿ ವಿನ್ಯಾಸಗೊಂಡ ಅತಿ ದೊಡ್ಡ ಚಿಪ್ಪು ಎಂದು ಆಗ ಅದರ ಬಗ್ಗೆ ಸಂಭ್ರಮವೂ ಆಗಿತ್ತು. ಅದು ಕೊನೆಗೂ ಅಂಗಡಿಗೆ ಬರಲಿಲ್ಲ. ಇನ್ನೂ ತಮಾಷೆಯೆಂದರೆ, ಒಬ್ಬರನ್ನೊಬ್ಬರು ಹೊಡೆಯಲು ನಿಂತ ಈ ಮೂವರ ಈಚಿನ ಕಾರ್ಡುಗಳ ಚಿಪ್ಪು ಅಚ್ಚಾಗುವುದು ತೈವಾನಿನ ಟಿಎಸ್‌ಎಂಸಿ ಎಂಬ ಒಂದೇ ಕಂಪನಿಯಲ್ಲಿ. ಹುಡುಗರ ಪಕ್ಷಾಭಿಮಾನ ಕಂಡಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಈಗ ಎಂಟು ಜಿಬಿಯ ಜಗಳಕ್ಕೆ ಬರೋಣ. ಆಟದ ಗೋಡೆ, ನೆಲ, ಮುಖ, ಬಟ್ಟೆಗಳ ಚಿತ್ರಗಳೆಲ್ಲ ಕಾರ್ಡಿನ ಮೆಮೊರಿಯಲ್ಲಿ ಕೂತಿರಬೇಕು. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ 16 ಜಿಬಿ ಹಂಚಿಕೊಳ್ಳುವ ಮೆಮೊರಿ ಇತ್ತು. ಆಟ ಮಾಡುವವರು ಆ ಅಳತೆಗೆ ಹೊಂದಿಕೊಂಡರು. 2023ರಲ್ಲಿ ಹಾಗ್ವರ್ಟ್ಸ್ ಲೆಗಸಿ, ದ ಲಾಸ್ಟ್ ಆಫ್ ಅಸ್ ಪಾರ್ಟ್ ಒನ್ ಕಂಪ್ಯೂಟರಿಗೆ ಬಂದಾಗ ಎಂಟು ಜಿಬಿಯ ಕಾರ್ಡುಗಳು ಮೇಲಿನ ಸೆಟ್ಟಿಂಗಿನಲ್ಲಿ ಏದುಸಿರು ಬಿಟ್ಟವು. ಅದೇ ವರ್ಷ ಜೂನ್‌ನಲ್ಲಿ ಎನ್‌ವಿಡಿಯಾ 299 ಡಾಲರಿಗೆ ಆರ್‌ಟಿಎಕ್ಸ್ 4060 ಬಿಟ್ಟಿತು: ಎಂಟು ಜಿಬಿ, 128 ಬಿಟ್ ಬಸ್ (ಮೆಮೊರಿಗೂ ಚಿಪ್ಪಿಗೂ ನಡುವಿನ ದಾರಿಯ ಅಗಲ). ಅದಕ್ಕೂ ಎರಡು ವರ್ಷ ಮೊದಲು ಬಂದ 3060ಯಲ್ಲಿ 12 ಜಿಬಿ, 192 ಬಿಟ್ ಇತ್ತು. ಹೊಸತು ಹಳೆಯದಕ್ಕಿಂತ ಚುರುಕಾಗಿದ್ದರೂ ಜನ ಸಿಟ್ಟಾದದ್ದು ಸುಳ್ಳಲ್ಲ. 2025ರ ಮೇ ತಿಂಗಳಲ್ಲಿ ಬಂದ 5060ಯಲ್ಲೂ ಅದೇ ಎಂಟು ಜಿಬಿ. ಎಎಂಡಿ ಜೂನ್‌ನಲ್ಲಿ ಆರ್‌ಎಕ್ಸ್ 9060 ಎಕ್ಸ್‌ಟಿಯನ್ನು ಎಂಟು ಜಿಬಿಗೆ 299, ಹದಿನಾರು ಜಿಬಿಗೆ 349 ಡಾಲರ್ ಎಂದು ಎರಡು ಬಗೆಯಲ್ಲಿ ಬಿಟ್ಟಿತು. ಇಂಟೆಲ್ 2024ರ ಡಿಸೆಂಬರಿನಲ್ಲೇ 249 ಡಾಲರಿಗೆ 12 ಜಿಬಿಯ ಆರ್ಕ್ ಬಿ580 ಕೊಟ್ಟಿತ್ತು.

ನನ್ನ ತೀರ್ಪು: ಹೊಸ, ದೊಡ್ಡ ಆಟಗಳಿಗೆಂದು ಹೊಸ ಕಾರ್ಡು ಕೊಂಡು ನಾಲ್ಕೈದು ವರ್ಷ ಇಟ್ಟುಕೊಳ್ಳುವವರು ಎಂಟು ಜಿಬಿಗೆ ಮೂವತ್ತು ಸಾವಿರ ಸುರಿಯಬಾರದು. ವ್ಯಾಲರಂಟ್, ಜಿಟಿಎ 5 ಆಡುವವರಿಗೆ ಈ ಜಗಳವೇ ಬೇಡ. ಮೊದಲನೆಯದು ಕಾರ್ಡಿಲ್ಲದ ಕಂಪ್ಯೂಟರಿನಲ್ಲೂ ಓಡಲೆಂದೇ ಮಾಡಿದ ಆಟ. ಎರಡನೆಯದು ಕಂಪ್ಯೂಟರಿಗೆ ಬಂದದ್ದು 2015ರಲ್ಲಿ. ಆಡುವುದು ಅವೆರಡನ್ನೇ, ಜಗಳ ಮಾತ್ರ ಹದಿನಾರು ಜಿಬಿಯದು ಎಂಬ ಹುಡುಗರು ಪ್ರತಿ ಊರಿನಲ್ಲೂ ಇದ್ದಾರೆ.

ಹೆಸರಿನ ಮೋಸ ಇನ್ನೊಂದು ಬಗೆ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡು ಬಂದವು: ಒಂದರಲ್ಲಿ ಜಿಡಿಡಿಆರ್5 ಮೆಮೊರಿ, ಇನ್ನೊಂದರಲ್ಲಿ ಡಿಡಿಆರ್4. ಎರಡನೆಯದರ ಓಟ ಮೊದಲನೆಯದರ ಅರ್ಧದ ಆಸುಪಾಸು. 3060ಗೂ ಆಮೇಲೆ ಎಂಟು ಜಿಬಿಯ, 128 ಬಿಟ್ಟಿನ ತಮ್ಮನೊಬ್ಬ ಹುಟ್ಟಿದ. 2014ರ ಜಿಟಿಎಕ್ಸ್ 970ಯ ನಾಲ್ಕು ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ತೀರ ನಿಧಾನ ಎಂಬುದು ಮರುವರ್ಷ ಬಯಲಾಗಿ, ಪ್ರಕರಣ ಅಮೆರಿಕದ ಕೋರ್ಟಿಗೆ ಹೋಯಿತು. ಕೊಂಡವರಿಗೆ ತಲಾ 30 ಡಾಲರ್ ಕೊಡಲು ಎನ್‌ವಿಡಿಯಾ ಒಪ್ಪಬೇಕಾಯಿತು. 2022ರಲ್ಲಿ 12 ಜಿಬಿಯ ‘4080’ ಎಂದು ಸಾರಿದ ಕಾರ್ಡನ್ನು ಗ್ರಾಹಕರ ಗಲಾಟೆಗೆ ಹೆದರಿ ಅಂಗಡಿಗೆ ಬರುವ ಮೊದಲೇ ಹಿಂದಕ್ಕೆ ಪಡೆದದ್ದೂ ಅದೇ ಕಂಪನಿ. ಲ್ಯಾಪ್‌ಟಾಪಿನಲ್ಲಂತೂ ಈ ಆಟಕ್ಕೆ ಲಗಾಮೇ ಇಲ್ಲ. 4060 ಎಂಬ ಒಂದೇ ಚೀಟಿಯ ಹಿಂದೆ 35 ವ್ಯಾಟಿನ ಸೊರಗಿದ ಚಿಪ್ಪೂ ಇರಬಹುದು, 115 ವ್ಯಾಟಿನದೂ ಇರಬಹುದು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಸೇರುವ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ತಂದೆ-ತಾಯಿ ಕಾರ್ಡಿನ ನಂಬರಿಗಿಂತ ಮೊದಲು ಅದರ ವ್ಯಾಟು ಕೇಳಬೇಕು. ಅಂಗಡಿಯವನು ತಡವರಿಸಿದರೆ ಬೇರೆ ಅಂಗಡಿ ನೋಡಬೇಕು.

ಸರಾಸರಿ ಎಂಬ ಅಂಕಿಯ ಮೇಲೂ ಒಂದು ಕಣ್ಣಿರಲಿ. ಸೆಕೆಂಡಿಗೆ 60 ಚಿತ್ರ ಎಂದರೆ ಒಂದೊಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್. ಸರಾಸರಿ 90 ಬಂದರೂ ನಡುನಡುವೆ ಒಂದು ಚಿತ್ರ 80 ಮಿಲಿಸೆಕೆಂಡ್ ಹಿಡಿದರೆ ಕಣ್ಣಿಗೆ ಜರ್ಕು ಹೊಡೆಯುತ್ತದೆ. ಅದಕ್ಕೇ ಪರೀಕ್ಷಕರು ‘ಒನ್ ಪರ್ಸೆಂಟ್ ಲೋ’ ಎಂಬ ಅಂಕಿಯನ್ನೂ ಕೊಡುತ್ತಾರೆ, ಅಂದರೆ ಅತಿ ನಿಧಾನದ ಶೇ 1ರಷ್ಟು ಚಿತ್ರಗಳ ವೇಗ. ಮೆಮೊರಿ ಸಾಲದ ಕಾರ್ಡು ಸಿಕ್ಕಿಬೀಳುವುದು ಇಲ್ಲಿ. ಸರಾಸರಿಯಲ್ಲಿ ಅದು ಸಾಚಾ ಕಾಣುತ್ತದೆ.

ಇನ್ನು ಡಿಎಲ್‌ಎಸ್‌ಎಸ್ ಪಕ್ಷದವರ ವಾದ. ಸಣ್ಣ ಚಿತ್ರ ಬರೆದು, ಕಲಿತ ಅಂದಾಜಿನಿಂದ ಅದನ್ನು ದೊಡ್ಡದು ಮಾಡುವ ಈ ವಿದ್ಯೆಯನ್ನು ಎನ್‌ವಿಡಿಯಾ 2018ರ ಆರ್‌ಟಿಎಕ್ಸ್ ಕಾರ್ಡುಗಳೊಂದಿಗೆ ತಂದಿತು. ಎಎಂಡಿ 2021ರಲ್ಲಿ ಎಫ್‌ಎಸ್‌ಆರ್ ಬಿಟ್ಟಾಗ ಅದನ್ನು ಎದುರಾಳಿಯ ಹಳೆಯ ಕಾರ್ಡುಗಳಿಗೂ ತೆರೆದಿಟ್ಟಿತು. ಉದಾರ ನಡೆ, ಚಿತ್ರ ಮಾತ್ರ ಕೊಂಚ ಮಸುಕು. 2025ರ ಎಫ್‌ಎಸ್‌ಆರ್ 4ರ ಹೊತ್ತಿಗೆ ಚಿತ್ರ ಸುಧಾರಿಸಿತು. ಉದಾರತೆ ಕರಗಿತು, ಅದು 9000 ಸರಣಿಯ ಕಾರ್ಡಿಗೆಂದೇ ಬಂತು. ಇಲ್ಲಿಯವರೆಗೆ ನನಗೂ ಒಪ್ಪಿಗೆ. ಒಪ್ಪಿಗೆಯಿಲ್ಲದ್ದು, ಎರಡು ಚಿತ್ರಗಳ ನಡುವೆ ಇಲ್ಲದ ಚಿತ್ರ ತುರುಕಿ ಅದನ್ನೂ ವೇಗದ ಲೆಕ್ಕಕ್ಕೆ ಸೇರಿಸುವುದು. 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆಯ ಮೇಲೆ ನಿಂತು ಎನ್‌ವಿಡಿಯಾದ ಜೆನ್ಸೆನ್ ಹುವಾಂಗ್, 549 ಡಾಲರಿನ 5070 ಹಿಂದಿನ ತಲೆಮಾರಿನ ರಾಜ 4090ಯಷ್ಟೇ ಓಡುತ್ತದೆ ಎಂದರು. ಬರೆದ ಒಂದು ಚಿತ್ರಕ್ಕೆ ಮೂರು ಹುಟ್ಟಿಸಿದ ಚಿತ್ರ ಸೇರಿಸಿದರೆ ಮಾತ್ರ ಆ ಮಾತಿಗೆ ಅರ್ಥ. ಹುಟ್ಟಿಸಿದ ಚಿತ್ರಕ್ಕೆ ನೀವು ಒತ್ತಿದ ಕೀಲಿ ಗೊತ್ತಿರುವುದಿಲ್ಲ. ಕಣ್ಣಿಗೆ ನುಣುಪು, ಕೈಗೆ ಹಳೆಯ ನಿಧಾನವೇ. ತೋರಿಕೆ ಚೆನ್ನಾಗಿರುತ್ತದೆ, ಬೇಡವೆನ್ನುವುದಿಲ್ಲ. ಆದರೆ ಎರಡು ಕಾರ್ಡು ತೂಗುವಾಗ ಆ ಅಂಕಿಯನ್ನು ತಕ್ಕಡಿಗೆ ಹಾಕಬಾರದು.

ನಮ್ಮ ಕಡೆಯ ನಿಜವಾದ ತೊಡಕು ಬೇರೆ. ಇಲ್ಲಿನ ಅನೇಕ ಮನೆಗಳಲ್ಲಿರುವುದು ಕಚೇರಿಗಳಿಂದ ಹೊರಬಿದ್ದ, ರಿಪೇರಿಯಾಗಿ ಮರುಮಾರಾಟಕ್ಕೆ ಬಂದ ಕಂಪ್ಯೂಟರು. ನಾಲ್ಕನೆಯದೋ ಆರನೆಯದೋ ತಲೆಮಾರಿನ ಐ5, ಸಣ್ಣ ಕ್ಯಾಬಿನೆಟ್ಟು, ಕಾರ್ಡಿಗೆ ಕೊಡಲು ಬೇರೆ ವೈರೇ ಇಲ್ಲದ ಎಸ್ಎಂಪಿಎಸ್. ಅದಕ್ಕೆ ಬಿ580 ತಂದು ಹಾಕಿದರೆ ಏನಾಗುತ್ತದೆ? ಆ ಕಾರ್ಡಿನ ಪೂರ್ತಿ ಓಟ ಸಿಗಬೇಕಾದರೆ ಮದರ್‌ಬೋರ್ಡಿನಲ್ಲಿ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇರಲೇಬೇಕು. ಇಂಟೆಲ್ ಹೇಳುವ ಪ್ರಕಾರ ತನ್ನ ಪ್ರೊಸೆಸರುಗಳಲ್ಲಾದರೆ ಹತ್ತನೆಯ ತಲೆಮಾರಿನದೋ ಅದರ ಈಚಿನದೋ ಬೇಕು. ಅದಿದ್ದೂ ಪ್ರೊಸೆಸರ್ ಬಡವಾಗಿದ್ದರೆ ಬಿ580 ಮುಗ್ಗರಿಸುತ್ತದೆ ಎಂಬುದು 2025ರ ಜನವರಿಯಲ್ಲಿ ಪರೀಕ್ಷಕರಿಗೆ ತಿಳಿದುಬಂತು. ಮೊದಲ ವಿಮರ್ಶೆಗಳಲ್ಲಿ ಅದು ಕಾಣಲಿಲ್ಲ, ಯಾಕೆಂದರೆ ಅಗ್ಗದ ಕಾರ್ಡನ್ನು ಅವರು ಪರೀಕ್ಷಿಸಿದ್ದು ಅತಿ ದುಬಾರಿ ಪ್ರೊಸೆಸರಿನ ಜೊತೆ. ಕಾರ್ಡಿನ ಗುಣ ಅಳೆಯಲು ಅದು ಸರಿಯಾದ ದಾರಿ. ಕೊಳ್ಳುವವನ ಮನೆಯ ಫಲ ತಿಳಿಯಲು ಸಾಲದ ದಾರಿ.

ಇನ್ನೊಂದು ಕಣ್ಣಿಗೆ ಬೀಳದ ಸಂಗತಿ, ಸ್ಲಾಟು. 4060, 5060, ಬಿ580 ಮೂರಕ್ಕೂ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಮಾಹಿತಿ ಸಾಗುವ ಹದಿನಾರು ದಾರಿಗಳಲ್ಲಿ ಎಂಟೇ ಸಾಕು ಎಂದು ಕಂಪನಿಗಳು ತೀರ್ಮಾನಿಸಿವೆ. ಹೊಸ ಬೋರ್ಡಿನಲ್ಲಿ ನಷ್ಟವಿಲ್ಲ. ಹಳೆಯ ಬೋರ್ಡಿನಲ್ಲಿ, ಅದೂ ಎಂಟು ಜಿಬಿ ತುಂಬಿ ತುಳುಕಿದ ಹೊತ್ತಿನಲ್ಲಿ, ಕಾರ್ಡು ರ‍್ಯಾಮಿನ ಬಾಗಿಲು ತಟ್ಟಬೇಕಾಗುತ್ತದೆ. ಆಗ ದಾರಿ ಇಕ್ಕಟ್ಟಾಗುತ್ತದೆ. 2022ರ ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ದಾರಿ, ನಾಲ್ಕೇ ಜಿಬಿ. ಹಳೆ ಬೋರ್ಡಿನಲ್ಲಿ ಅದರ ಪಾಡು ನೋಡಲಾಗದು.

ಹೀಗಾಗಿ ಹಳೆಯ ಕಚೇರಿ ಕಂಪ್ಯೂಟರಿನವರಿಗೆ ನಾನು ಹೇಳುವ ಕಾರ್ಡು ಜಗಳದ ಪಟ್ಟಿಯಲ್ಲೇ ಇಲ್ಲ. 2024ರ ಫೆಬ್ರುವರಿಯಲ್ಲಿ ಬಂದ ಆರು ಜಿಬಿಯ ಆರ್‌ಟಿಎಕ್ಸ್ 3050. 70 ವ್ಯಾಟು, ಬೇರೆ ವೈರು ಬೇಡ, ಸ್ಲಾಟಿನಿಂದಲೇ ಕರೆಂಟು ಹೀರುತ್ತದೆ. ಎಂಟು ಜಿಬಿಯ ಹಳೆಯ 3050ಗಿಂತ ದುರ್ಬಲ, ಹೆಸರು ಮಾತ್ರ ಒಂದೇ ಎಂಬುದು ನೆನಪಿರಲಿ. ಚಾರ್ಟುಗಳಲ್ಲಿ ಅದು ತಳದಲ್ಲಿರುತ್ತದೆ, ವಿಮರ್ಶಕರು ಬೈಯ್ಯುತ್ತಾರೆ. ಎಸ್ಎಂಪಿಎಸ್, ಕ್ಯಾಬಿನೆಟ್ಟು, ಬೋರ್ಡು ಯಾವುದನ್ನೂ ಬದಲಿಸದೆ ಆಟ ಶುರುಮಾಡುವವನಿಗೆ ಆ ಬೈಗುಳ ತಾಕುವುದಿಲ್ಲ.

ವ್ಯಾಟಿನ ಮಾತು ಬಂತು, ಅದನ್ನು ಮುಗಿಸೋಣ. 4060ಯ ಗರಿಷ್ಠ ಹಸಿವು 115 ವ್ಯಾಟು, ಬಿ580ಯದು 190. ವ್ಯತ್ಯಾಸ 75. ದಿನಕ್ಕೆ ನಾಲ್ಕು ತಾಸು ಆಡಿದರೆ ತಿಂಗಳಿಗೆ 9 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 54 ರೂಪಾಯಿ, ವರ್ಷಕ್ಕೆ ಆರುನೂರೈವತ್ತರ ಹತ್ತಿರ. ಬೇರೆ ದೇಶದವರು ಇಲ್ಲಿಗೆ ಲೆಕ್ಕ ಮುಗಿಸುತ್ತಾರೆ. ನಮ್ಮಲ್ಲಿ ಗೃಹಜ್ಯೋತಿ ಇದೆ. 2022-23ರಲ್ಲಿ ಬಳಸಿದ ಸರಾಸರಿಯ ಮೇಲೆ ಶೇ 10ರಷ್ಟು ಹೆಚ್ಚು ಸೇರಿಸಿ ಸಿಗುವ ಮಿತಿಯವರೆಗೆ ಬಿಲ್ಲು ಸೊನ್ನೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಸರಾಸರಿ 170 ಇದ್ದ ಮನೆಗೆ ಮಿತಿ 187. ಬೇಸಿಗೆಯಲ್ಲಿ ಫ್ಯಾನು, ಕೂಲರು ಹಗಲಿರುಳು ತಿರುಗಿ ಮೀಟರು 195ಕ್ಕೆ ಬಂದು ನಿಂತಿರುವಾಗ ಆ 9 ಯೂನಿಟ್ಟಿನ ಬೆಲೆ 54 ರೂಪಾಯಿ ಅಲ್ಲ. ಸಾವಿರದ ಇನ್ನೂರರ ಹತ್ತಿರ. ಹೆಸ್ಕಾಂ ಬಿಲ್ಲು ಕೈಗೆ ಬಂದ ದಿನ ಅಪ್ಪ ಕೇಳುವ ಪ್ರಶ್ನೆಗೆ ಯಾವ ಬೆಂಚ್‌ಮಾರ್ಕಿನಲ್ಲೂ ಉತ್ತರವಿಲ್ಲ. ಕಾರ್ಡಿನ ವ್ಯತ್ಯಾಸವಷ್ಟೇ ಇದು. ಇಡೀ ಕಂಪ್ಯೂಟರ್ 250 ವ್ಯಾಟು ಎಳೆದರೆ ಅದೇ ನಾಲ್ಕು ತಾಸಿಗೆ ತಿಂಗಳಿಗೆ 30 ಯೂನಿಟ್.

ಎಳೆದ ವ್ಯಾಟೆಲ್ಲ ಕೊನೆಗೆ ಶಾಖವಾಗಿ ಕೋಣೆಗೇ ಬೀಳುತ್ತದೆ. ಎಪ್ರಿಲ್, ಮೇ ತಿಂಗಳಲ್ಲಿ ಹುನಗುಂದದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ವಿಮರ್ಶಕರು ಅಳೆಯುವುದು ಏಸಿ ಕೋಣೆಯಲ್ಲಿ. ಅಲ್ಲಿ 70 ಡಿಗ್ರಿಯಲ್ಲಿ ಓಡಿದ ಚಿಪ್ಪು ಪತ್ರಾಸಿನ ಕೆಳಗೆ ಹದಿನೈದು ಇಪ್ಪತ್ತು ಡಿಗ್ರಿ ಮೇಲೇರುತ್ತದೆ. ಫ್ಯಾನು ಅರಚುತ್ತದೆ, ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ನೂರಕ್ಕೆ ಐದು ಹೆಚ್ಚು ಓಡುತ್ತದೆಂದು ಆರಿಸಿದ ಕಾರ್ಡು ಆ ಐದನ್ನು ಇಲ್ಲಿ ಉಳಿಸಿಕೊಳ್ಳುವುದು ಕಷ್ಟ. ಇಳಕಲ್ಲಿನ ಕಲ್ಲು ಕೊರೆಯುವ, ಪಾಲಿಶ್ ಮಾಡುವ ಕಡೆಗಳ ಸಣ್ಣ ಪುಡಿ, ಬೇಸಿಗೆ ಗಾಳಿಗೆ ಏಳುವ ಎರೆಮಣ್ಣು ಎರಡೂ ಹೀಟ್‌ಸಿಂಕಿನ ಸಂದಿಗೆ ಹೊಕ್ಕು ಕೂರುತ್ತವೆ. ಆದ್ದರಿಂದ ಮೂರು ಫ್ಯಾನಿನ, ಬಣ್ಣದ ದೀಪದ ಮಾದರಿಗೆ ನಾಲ್ಕು ಸಾವಿರ ಹೆಚ್ಚು ಕೊಡುವ ಬದಲು ಕಡಿಮೆ ವ್ಯಾಟಿನ ಸಾದಾ ಮಾದರಿ ಕೊಂಡು, ಉಳಿದ ದುಡ್ಡಿಗೆ ಒಳ್ಳೆಯ ಎಸ್ಎಂಪಿಎಸ್, ಒಂದು ಬ್ಲೋವರ್ ತರುವುದು ಲೇಸು. ಕರೆಂಟು ಹೋದಾಗ ಕೈಹಿಡಿಯಲು ಯುಪಿಎಸ್ ಇದ್ದರೆ ಅದರ ಅಳತೆಯೂ ಮುಖ್ಯ. ಸಾಮಾನ್ಯ 600 ವಿಎ ಯುಪಿಎಸ್ ಹೊರುವುದು 360 ವ್ಯಾಟು ಮಾತ್ರ. 4060ಯಂಥ ಕಾರ್ಡಿನ ಕಂಪ್ಯೂಟರು ಅದರಲ್ಲಿ ಹಿಡಿಯುತ್ತದೆ. ದೊಡ್ಡ ಕಾರ್ಡು ತಂದರೆ ಯುಪಿಎಸ್ಸೂ ಬದಲಾಗಬೇಕು.

ಆಟದ ಹೊರಗೂ ಈ ಕಾರ್ಡಿಗೆ ಗಿರಾಕಿಗಳಿದ್ದಾರೆ. ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರಿಗೆ ನಾನು ಯಾವ ಅನುಮಾನವೂ ಇಲ್ಲದೆ ಎನ್‌ವಿಡಿಯಾ ಎನ್ನುತ್ತೇನೆ. ಅವರ ಎಡಿಟಿಂಗ್ ತಂತ್ರಾಂಶಗಳು ‘ಕುಡಾ’ (CUDA) ಎಂಬ ಎನ್‌ವಿಡಿಯಾ ವ್ಯವಸ್ಥೆಗೆ ಹದಿನೈದು ವರ್ಷಕ್ಕೂ ಮಿಕ್ಕಿ ಒಗ್ಗಿಹೋಗಿವೆ, ವಿಡಿಯೊ ಕಟ್ಟುವ ಪ್ರತ್ಯೇಕ ಭಾಗವೂ ಚಿಪ್ಪಿನಲ್ಲಿದೆ. ಅಗ್ಗವೆಂದು 6500 ಎಕ್ಸ್‌ಟಿ ತಂದವರಿಗೆ ಆ ಭಾಗವೇ ಇಲ್ಲದಿರುವುದು ಆಮೇಲೆ ತಿಳಿಯುತ್ತದೆ. ಫ್ಲೆಕ್ಸ್, ಲಗ್ನಪತ್ರಿಕೆ ಮಾಡುವವರು ಕಾರ್ಡಿನ ದುಡ್ಡನ್ನು ರ‍್ಯಾಮಿಗೆ ಹಾಕಲಿ.

ಸೆಕೆಂಡ್ ಹ್ಯಾಂಡ್ ಮಾತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯ, ಗ್ರಾಫಿಕ್ಸ್ ಕಾರ್ಡುಗಳಿಂದ ನಡೆಯುತ್ತಿದ್ದ ತನ್ನ ಗಣಿಗಾರಿಕೆ ನಿಲ್ಲಿಸಿದಾಗ ಹಗಲಿರುಳು ದುಡಿದ ಲಕ್ಷಗಟ್ಟಲೆ ಕಾರ್ಡು ಪೇಟೆಗೆ ಬಿದ್ದವು. ಚಿಪ್ಪು ಸವೆಯುವುದು ಕಡಿಮೆ, ಫ್ಯಾನು ಮತ್ತು ಪೇಸ್ಟು ಸವೆಯುತ್ತವೆ, ಅವನ್ನು ಬದಲಿಸಬಹುದು. 2017ರ ಆರ್‌ಎಕ್ಸ್ 580 ಇಂದಿಗೂ ಕೈಗೆಟಕುವ ಬೆಲೆಗೆ ಸಿಗುತ್ತದೆ, ಹಳೆಯ ಆಟ ಓಡಿಸುತ್ತದೆ, 185 ವ್ಯಾಟು ತಿನ್ನುತ್ತದೆ. ಅದಕ್ಕಿಂತ 2021ರ ಆರ್‌ಎಕ್ಸ್ 6600 ಎಷ್ಟೋ ಮೇಲು: 132 ವ್ಯಾಟು, ಎಂಟು ಜಿಬಿ, ಬೆಳಕಿನ ಕಿರಣ ಲೆಕ್ಕ ಹಾಕುವ ಭಾಗವೂ ಇದೆ. 2024ರ ಕೊನೆಯಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ಆ ಭಾಗ ಇರಲೇಬೇಕು. 2017ರ ಮಹಾಬಲ ಜಿಟಿಎಕ್ಸ್ 1080 ಟಿಐ ಅಲ್ಲಿಗೆ ಹೊರಗುಳಿಯಿತು. ಆ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ತೀರ ಅಗ್ಗವೆನಿಸಿದ 1050 ಟಿಐ ಕಂಡರೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಬೇಕು. ಹತ್ತಾರು ವರ್ಷ ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ದಂಧೆ ಉಂಟು, ಆ ತಂತ್ರಾಂಶ ಅದನ್ನು ಹಿಡಿದುಕೊಡುತ್ತದೆ.

ಬೆಲೆಯ ವಿಷಯದಲ್ಲಿ ಡಾಲರನ್ನು ರೂಪಾಯಿಗೆ ಗುಣಿಸಿ ‘ನಮ್ಗ ಮೋಸ ಮಾಡಾಕತ್ತಾರ’ ಎನ್ನುವುದು ಪೂರ್ತಿ ನ್ಯಾಯವಲ್ಲ. ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ, ನಮ್ಮದರಲ್ಲಿ ಶೇ 18 ಜಿಎಸ್‌ಟಿ ಸೇರಿದೆ. 549 ಡಾಲರಿನ 5070ಗೆ ಇಲ್ಲಿ 59,000 ರೂಪಾಯಿ ಎಂದು ಕಂಪನಿ ಸಾರಿದ್ದು ಬಹುಮಟ್ಟಿಗೆ ಆ ಲೆಕ್ಕವೇ. ಅದರ ಮೇಲೆ ಕಾರ್ಡು ಕಟ್ಟುವ ಆಸುಸ್, ಎಂಎಸ್‌ಐ, ಝೋಟಾಕ್, ಸಫೈರ್‌ನಂಥವರು ತಂತಮ್ಮ ಮಾದರಿಗೆ ಸೇರಿಸುವುದು ಬೇರೆ.

ಮುಂದಿನ ತಲೆಮಾರು ಬರಲಿ, ಬೆಲೆ ಇಳಿಯುತ್ತದೆ, ತಡೆದುಕೊಳ್ಳಿ ಎಂದು ಇಷ್ಟು ಕಾಲ ಹೇಳಿಕೊಂಡು ಬಂದವರಲ್ಲಿ ನಾನೂ ಒಬ್ಬ. ಈಗ ಆ ಮಾತು ಓಡುವುದಿಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ 2025ರ ಕೊನೆಗೆ ರ‍್ಯಾಮಿನ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಆ ಡಿಸೆಂಬರಿನಲ್ಲಿ ಹೇಳಿತು. ಕಾರ್ಡಿನ ಮೇಲೂ ಮೆಮೊರಿ ಚಿಪ್ಪೇ ಇರುವುದು, ಹದಿನಾರು ಜಿಬಿಯದಕ್ಕೆ ಎಂಟರದಕ್ಕಿಂತ ಎರಡು ಪಟ್ಟು. ಹುಬ್ಬಳ್ಳಿಯ ಯಾವುದಾದರೂ ಅಂಗಡಿಯ ಕಪಾಟಿನಲ್ಲಿ ಹಳೆಯ ದರದ ಚೀಟಿ ಅಂಟಿಸಿದ ಹದಿನಾರು ಜಿಬಿ 9060 ಎಕ್ಸ್‌ಟಿ ಉಳಿದಿದ್ದರೆ, ನಿಮ್ಮ ಎಸ್ಎಂಪಿಎಸ್ ಅದನ್ನು ತಾಳುವುದಾದರೆ, ಚೌಕಾಸಿಗೆ ನಿಲ್ಲದೆ ಬಿಲ್ಲು ಹಾಕಿಸಿಕೊಂಡು ಬನ್ನಿ.